ಭಾಷೆ ಯಾವುದು ಅಂತ ಕೇಳುವ ಮೊದಲು ಶಿಫ್ಟ್ ಯಾವುದು ಅಂತ ಕೇಳಿ

ನಮ್ಮ ಆಫೀಸಿಗೆ ಹೊಸದಾಗಿ ಸೇರಿದವರು ಕೆಲಸಕ್ಕಾಗಿ ಯಾವ ಪರಭಾಷೆ ಕಲಿಯುವುದು ಅಂತ ಟ್ರೈನಿಂಗ್ ಮುಗಿಯುವ ಮೊದಲೇ ಕೇಳುವ ಪ್ರಶ್ನೆ ಇದು. "ಅಕ್ಕ, ಜರ್ಮನ್ ತಗೊಳ್ಳುವುದಾ, ಜಪಾನೀಸಾ? ಸುಲಭ ಯಾವುದುಂಟು?" ನಾನು ತಿರುಗಿ ಕೇಳುವುದು, "ನಿಮ್ಮ ಊರಿಂದ ಫಸ್ಟ್ ಬಸ್ಸು ಎಷ್ಟು ಗಂಟೆಗೆ?" ತಮಾಷೆಗಲ್ಲ ಮಾರಾಯ್ರೆ.

ನಾನು ಮಂಗಳೂರಿನ ಒಂದು ಬ್ಯಾಕ್ ಆಫೀಸಿನಲ್ಲಿ ಜರ್ಮನಿಯ ಕಂಪನಿಗಳ ಬಿಲ್ ನೋಡಿ ಪಾಸ್ ಮಾಡುವ ಟೀಮಿನಲ್ಲಿದ್ದೇನೆ. ಭಾಷೆಯ ಜೊತೆ ಗಡಿಯಾರವೂ ಬರುತ್ತದೆ ಅಂತ ಕ್ಲಾಸಿನಲ್ಲಿ ಯಾರೂ ಹೇಳುವುದಿಲ್ಲ. ಜರ್ಮನಿ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಂದರೆ ಅವರು ಬೆಳಿಗ್ಗೆ ಒಂಬತ್ತಕ್ಕೆ ಕೂತಾಗ ನಮಗೆ ಊಟದ ಹೊತ್ತು. ಜಪಾನ್ ಮೂರೂವರೆ ಗಂಟೆ ಮುಂದೆ. ಅವರ ಒಂಬತ್ತು ಗಂಟೆ ನಮ್ಮ ಬೆಳಗಿನ ಐದೂವರೆ. ಜುಲೈ ಮಳೆಯಲ್ಲಿ ಮೂಡುಬಿದಿರೆಯಿಂದಲೋ ಬಿ.ಸಿ. ರೋಡಿನಿಂದಲೋ ಆ ಹೊತ್ತಿಗೆ ಬಂದು ಕೂರಬೇಕು ಅಂದರೆ ಒಂದೋ ಕಂಪನಿ ಕ್ಯಾಬ್ ಕೊಡಬೇಕು, ಇಲ್ಲ ನೀವು ಹತ್ತಿರ ಎಲ್ಲಾದರೂ ಪಿಜಿಯಲ್ಲಿರಬೇಕು. ಸ್ಪ್ಯಾನಿಷ್ ಅಂದರೆ ಸ್ಪೇನೋ ಮೆಕ್ಸಿಕೋ ಅಂತ ಮೊದಲೇ ಕೇಳಿಬಿಡಿ. ಸ್ಪೇನ್ ಆದರೆ ಜರ್ಮನಿಯದೇ ಟೈಮು. ಮೆಕ್ಸಿಕೋ ಸಿಟಿಯಲ್ಲಿ ಬೆಳಿಗ್ಗೆ ಒಂಬತ್ತಾಗುವಾಗ ಇಲ್ಲಿ ರಾತ್ರಿ ಎಂಟೂವರೆ, ಪೂರ್ತಿ ನೈಟ್ ಶಿಫ್ಟ್. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ವಯಸ್ಸಾದವರಿದ್ದರೆ, ವ್ಯಾಕರಣಕ್ಕಿಂತ ಈ ಲೆಕ್ಕವೇ ದೊಡ್ಡದು.

ಎರಡನೆಯದು, ಮಷೀನ್ ಅನುವಾದ ಬಂದ ಮೇಲೆ ಭಾಷೆ ಗೊತ್ತಿದ್ದವರ ಕೆಲಸ ಎಲ್ಲಿ ಉಳಿದಿದೆ ಅಂತ ನೋಡಿಕೊಳ್ಳಬೇಕು. ಇಮೇಲ್ ಓದಲು ಈಗ ಯಾರೂ ನಿಮಗೆ ಹೆಚ್ಚು ಸಂಬಳ ಕೊಡುವುದಿಲ್ಲ. ಫೋನಿನಲ್ಲಿ ಮಾತಾಡುವವರಿಗೆ, ಕಾಗದದಲ್ಲಿ ಇರುವುದು ನಿಜವಾಗಿ ಎಂತ ಅಂತ ಅರ್ಥ ಆಗುವವರಿಗೆ ಕೊಡುತ್ತಾರೆ. ಜರ್ಮನ್ ಬಿಲ್ಲಿನಲ್ಲಿ 1.250,00 ಅಂತ ಇದ್ದರೆ ಅದು ಸಾವಿರದ ಇನ್ನೂರೈವತ್ತು ಯೂರೋ. ಅವರಿಗೆ ಚುಕ್ಕೆ ಸಾವಿರಕ್ಕೆ, ಕಾಮಾ ದಶಮಾಂಶಕ್ಕೆ. ಕೊನೆಯ ಸೊನ್ನೆಗಳನ್ನು ಬರೆಯದೆ ಬರೀ 1.250 ಅಂತ ಬಿಟ್ಟರೆ ಹೊಸಬರು ಒಂದೂಕಾಲು ಯೂರೋ ಅಂತ ಎಂಟ್ರಿ ಹಾಕಿ ಮುಂದೆ ಹೋಗಿಬಿಡುತ್ತಾರೆ. ಮಾತಿನಲ್ಲಿ ಇನ್ನೂ ಗಮ್ಮತ್ತು. 54 ಅನ್ನಲು ಅವರು ಮೊದಲು ನಾಲ್ಕು ಹೇಳಿ, ಆಮೇಲೆ ಐವತ್ತು ಹೇಳುತ್ತಾರೆ. ಆಚೆ ಕಡೆಯವರು ಬಿಲ್ ನಂಬರನ್ನು ಎರಡೆರಡು ಅಂಕಿಯಾಗಿ ಓದುತ್ತಾ ಹೋದರೆ ಈಚೆ ಕಡೆ ಕೂತ ಹುಡುಗ ಸಿಸ್ಟಮ್‌ನಲ್ಲಿ 45 ಹೊಡೆದು "ಆ ಬಿಲ್ಲೇ ಇಲ್ಲ" ಅನ್ನುತ್ತಾನೆ. ವ್ಯಾಕರಣದಲ್ಲಿ ಒಳ್ಳೆ ಮಾರ್ಕು ತಗೊಂಡವರೂ ಇಲ್ಲಿ ಜಾರುತ್ತಾರೆ. ಇದೆಲ್ಲ ಕಿವಿಗೆ ಅಭ್ಯಾಸವಾಗಬೇಕು ಅಷ್ಟೇ.

ಸ್ಕೋಂಟೋ ಅಂತ ಒಂದು ಉಂಟು, ಬೇಗ ದುಡ್ಡು ಕೊಟ್ಟರೆ ಸಿಗುವ ರಿಯಾಯಿತಿ. ಹದಿನಾಲ್ಕು ದಿನದೊಳಗೆ ಕೊಟ್ಟರೆ ಶೇಕಡಾ 2 ಕಡಿಮೆ, ಇಲ್ಲದಿದ್ದರೆ ಮೂವತ್ತು ದಿನದಲ್ಲಿ ಪೂರ್ತಿ, ಈ ಥರ ಬಿಲ್ಲಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. 50,000 ಯೂರೋ ಬಿಲ್ಲಿಗೆ ಅದು ಸಾವಿರ ಯೂರೋ! ಆ ಸಾಲನ್ನು ನೋಡಿದ ಕೂಡಲೇ ಬಿಲ್ಲನ್ನು ಮೇಲೆ ಎತ್ತಿಡುವವರು ಯಾರು ಅಂತ ಮ್ಯಾನೇಜರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಲೆವೆಲ್ ವಿಷಯ. ಯುರೋಪಿನ ಭಾಷೆಗಳಿಗೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು. ಎ1, ಎ2 ಸರ್ಟಿಫಿಕೇಟಿಗೆ ಕೆಲಸದಲ್ಲಿ ಹೆಚ್ಚು ಬೆಲೆ ಇಲ್ಲ, ಕಹಿಯಾದರೂ ನಿಜ. ಫೋನಿನಲ್ಲಿ ಕೂರಿಸಬೇಕಾದರೆ ಬಿ2 ಬೇಕು. ನರ್ಸಿಂಗ್ ಓದಿ ಜರ್ಮನಿಗೆ ಹೋಗಬೇಕು ಅನ್ನುವವರಿಗೂ (ನಮ್ಮೂರಿನಲ್ಲಿ ಅವರ ಸಂಖ್ಯೆ ಏನು ಕಡಿಮೆಯಾ?) ಅಲ್ಲಿ ಪೂರ್ತಿ ನರ್ಸ್ ಅಂತ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೋಥೆ ಇನ್‌ಸ್ಟಿಟ್ಯೂಟ್ ಲೆಕ್ಕದಲ್ಲಿ ಸೊನ್ನೆಯಿಂದ ಬಿ2ಗೆ 45 ನಿಮಿಷದ 600ರಿಂದ 800 ಪಾಠ ಬೇಕು. ವಾರಕ್ಕೆ ಐದಾರು ಪಾಠ ಹಿಡಿದರೆ ಎರಡರಿಂದ ಮೂರು ವರ್ಷ. "ಆರು ತಿಂಗಳಲ್ಲಿ ಜರ್ಮನ್" ಅಂತ ಬೋರ್ಡ್ ಹಾಕಿದವರನ್ನು ಯಾವ ಲೆವೆಲ್‌ವರೆಗೆ, ದಿನಕ್ಕೆ ಎಷ್ಟು ಗಂಟೆ ಅಂತ ಕೇಳಿ ನೋಡಿ. ಒಂದು ಸಮಾಧಾನ ಅಂದರೆ ಗೋಥೆಯ ಬಿ1, ಬಿ2 ಪರೀಕ್ಷೆಗಳಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಈ ನಾಲ್ಕನ್ನೂ ಬೇರೆ ಬೇರೆಯಾಗಿ ಬರೆಯಬಹುದು. ಒಂದೊಂದರಲ್ಲೂ ನೂರಕ್ಕೆ 60 ಬಂದರೆ ಪಾಸು.

ಜಪಾನೀಸ್ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಅಮೆರಿಕದ ಸರ್ಕಾರ ತನ್ನ ರಾಜತಾಂತ್ರಿಕರಿಗೆ ಈ ಭಾಷೆಗೆ 2,200 ಗಂಟೆ ಕ್ಲಾಸು ಅಂತ ಹಾಕಿದೆ. ಆ ಪಟ್ಟಿಯನ್ನು ಎಲ್ಲರೂ ತೋರಿಸುತ್ತಾರೆ, ಆದರೆ ಅದು ಇಂಗ್ಲಿಷ್ ಮನೆಮಾತಿನವರಿಗೆ ಮಾಡಿದ್ದು. ನಮಗೆ ಕನ್ನಡದಲ್ಲಿ, ತುಳುವಿನಲ್ಲಿ ಕ್ರಿಯಾಪದ ಕೊನೆಗೆ ಬರುವುದು ಹುಟ್ಟಿನಿಂದ ಅಭ್ಯಾಸ. ಜಪಾನೀಸಿನಲ್ಲೂ ಹಾಗೆಯೇ. ನಮ್ಮ ವಿಭಕ್ತಿ ಹಾಗೆ ಅಲ್ಲೂ ಹೆಸರಿನ ಹಿಂದೆ ಚಿಕ್ಕ ಚಿಕ್ಕ ಅಕ್ಷರ ಅಂಟಿಕೊಳ್ಳುತ್ತದೆ. ವಾಕ್ಯ ಕಟ್ಟುವುದು ಬೇಗ ಬರುತ್ತದೆ. ಕಷ್ಟ ಇರುವುದು ಕಾಂಜಿಯಲ್ಲಿ, ಅಂದರೆ ಚೀನಾದಿಂದ ಬಂದ ಅಕ್ಷರಗಳಲ್ಲಿ. ದಿನಬಳಕೆಗೆ ಅಂತ ಅಲ್ಲಿನ ಸರ್ಕಾರವೇ ಪಟ್ಟಿ ಮಾಡಿದ್ದು 2,136. ಜಪಾನೀಸಿನ ಲೆವೆಲ್ ನೋಡುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲ. ಆದ್ದರಿಂದ ಅದರಲ್ಲಿ ಮೇಲಿನಿಂದ ಎರಡನೇ ಮೆಟ್ಟಿಲಾದ ಎನ್2 ಪಾಸಾದವರೂ ಇಂಟರ್‌ವ್ಯೂನಲ್ಲಿ ತಡವರಿಸುವುದುಂಟು. ಮಾತಿಗೆ ಬೇರೆಯೇ ತಯಾರಿ ಬೇಕು.

ಅರೇಬಿಕ್? ಕರಾವಳಿಯಲ್ಲಿ ಎರಡು ಮನೆಗೊಬ್ಬರು ಗಲ್ಫಿನಲ್ಲಿ ಇದ್ದಾರೇನೋ ಅನ್ನುವ ಹಾಗುಂಟು. ಅವರನ್ನೇ ಕೇಳಿ. ದುಬೈ ಆಫೀಸಿನಲ್ಲಿ ಇಂಗ್ಲಿಷ್, ಅಂಗಡಿ ಸೈಟುಗಳಲ್ಲಿ ಹಿಂದಿ ಮಲಯಾಳಂ ನಡೆಯುತ್ತದೆ. ಸರ್ಕಾರಿ ಕಾಗದ ಹಿಡಿದು ಓಡಾಡುವ ಪಿಆರ್‌ಒ ಕೆಲಸಕ್ಕೆ ಮಾತ್ರ ಅರೇಬಿಕ್ ನಿಜವಾಗಿ ಬೇಕು. ಫ್ರೆಂಚ್ ಒಳ್ಳೆಯ ಭಾಷೆ, ಆದರೆ ನಿಮ್ಮ ಕಂಪನಿಗೆ ಫ್ರೆಂಚ್ ಗಿರಾಕಿಯೇ ಇಲ್ಲದಿದ್ದರೆ ಅದನ್ನು ಸಂತೋಷಕ್ಕೆ ಕಲಿಯಿರಿ, ಪ್ರಮೋಷನ್ನಿಗೆ ಅಂತ ಬೇಡ.

"ನಮಗೆ ತುಳು, ಕನ್ನಡ, ಕೊಂಕಣಿ, ಹಿಂದಿ, ಇಂಗ್ಲಿಷ್ ಎಲ್ಲ ಬರ್ತದೆ, ಆರನೆಯದು ಎಂತ ದೊಡ್ಡ ಸಂಗತಿ" ಅನ್ನುವವರನ್ನೂ ನೋಡಿದ್ದೇನೆ. ಕಿವಿ ಚುರುಕಿರುತ್ತದೆ, ಒಪ್ಪಿದೆ. ಆದರೆ ತುಳುವೋ ಕೊಂಕಣಿಯೋ ಪಕ್ಕದ ಮನೆ ಅಂಗಳದಲ್ಲಿ ಆಡುತ್ತಾ ಬಂದದ್ದು, ಯಾರೂ ನಮ್ಮಿಂದ ಅದರಲ್ಲಿ ದೂರಿನ ಪತ್ರ ಬರೆಸಿಲ್ಲ. ಬಿ2ರಲ್ಲಿ ಬರೆಸುತ್ತಾರೆ. ಕೆಲಸಕ್ಕಾಗಿ ಪರಭಾಷೆ ಕಲಿತವರನ್ನು ನೋಡಬೇಕಾದರೆ ನಮ್ಮೂರಿನಲ್ಲೇ ಉದಾಹರಣೆ ಉಂಟು, ದಿಕ್ಕು ಮಾತ್ರ ಉಲ್ಟಾ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಅದರ ಜರ್ಮನ್ ಪಾದ್ರಿ ಮೋಗ್ಲಿಂಗ್ ಬಂದು ಕನ್ನಡ ಕಲಿತು 1843ರಲ್ಲಿ "ಮಂಗಳೂರ ಸಮಾಚಾರ" ಪತ್ರಿಕೆಯನ್ನೇ ನಡೆಸಿದರು. ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬಂತು. ಯಾರ ನಡುವೆ ಕೆಲಸ ಮಾಡಬೇಕಿತ್ತೋ ಅವರ ಭಾಷೆಯನ್ನೇ ಹಿಡಿದರು. ಬೇರೆ ಸುಲಭದ್ದು ಹುಡುಕುತ್ತಾ ಕೂರಲಿಲ್ಲ.

ಕೊನೆಗೆ ದುಡ್ಡಿನ ಮಾತು. ಫೀಸ್ ಕಟ್ಟುವ ಮೊದಲು ಎಚ್‌ಆರ್ ಹತ್ತಿರ ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ. ಭಾಷೆಗೆ ಅಲೋವೆನ್ಸ್ ಉಂಟಾ, ಯಾವ ಲೆವೆಲ್‌ನಿಂದ, ತಿಂಗಳಿಗಾ ಒಂದೇ ಸಲವಾ. ಪರೀಕ್ಷೆ ಫೀಸ್ ಯಾರು ಕೊಡುತ್ತಾರೆ, ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಾಗಿ ಬಂದರೆ ರಜೆ ಸಿಗುತ್ತದಾ. ಕಂಪನಿಯೇ ಪೂರ್ತಿ ಖರ್ಚು ಹಾಕುತ್ತದೆ ಅಂದರೆ ಬಾಂಡ್ ಇರುವ ಸಾಧ್ಯತೆ ಜಾಸ್ತಿ. ಎಷ್ಟು ವರ್ಷಕ್ಕೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಕೊಡಬೇಕು, ಪಾಸಾಗದಿದ್ದರೆ ಏನು ಅಂತ ಓದಿ ನೋಡಿಯೇ ಸಹಿ ಹಾಕಿ.