ಬಿಡುಗಡೆ ಒಂದು ದಿನ ಮುಂದಕ್ಕೆ ಹೋದಾಗ

ಮೇ ತಿಂಗಳ ಕಲಬುರಗಿ. ಬೆಳಿಗ್ಗೆ ಎಂಟಕ್ಕೇ ವಾರ್ಡಿನ ಫ್ಯಾನು ಬಿಸಿಗಾಳಿ ತಿರುವುತ್ತಿತ್ತು. ಐದನೇ ಬೆಡ್ಡಿನ ಆಯಿಗೆ ಅವತ್ತು ಬಿಡುಗಡೆ. ಯಾದಗಿರಿ ಕಡೆಯ ಹಳ್ಳಿಯವರು, ಅರವತ್ತು ದಾಟಿದವರು. ಸಕ್ಕರೆ ಕಾಯಿಲೆಗೆ ಹೊಸದಾಗಿ ಇನ್ಸುಲಿನ್ ಶುರುವಾಗಿತ್ತು: ಬೆಳಿಗ್ಗೆ 18 ಯೂನಿಟ್, ರಾತ್ರಿ 10. ರಾತ್ರಿ ಪಾಳಿಯವರು 7.30ಕ್ಕೆ ಸೂಜಿ ಹಾಕಿ, 8ಕ್ಕೆ ಪಾಳಿ ಒಪ್ಪಿಸಿ ಹೋದರು. 8.40ಕ್ಕೆ ಆಯಿ, “ಯವ್ವಾ, ಜೀವ ಘಾಬರಿ ಆಗ್ಲಕತ್ತದ, ಕೈ ನಡಗ್ಲಕತ್ತಾವ” ಅಂದರು. ಮೈಯೆಲ್ಲ ಬೆವರಿತ್ತು. ಪಕ್ಕದ ಬೆಡ್ಡಿನಾಕೆ “ಬಿಸಲಿಗಿ ಆಗ್ಯಾದ, ಮಜ್ಜಿಗಿ ಕುಡಸ್ರಿ” ಎಂದು ಲೋಟ ಹಿಡಿದು ಬಂದೇಬಿಟ್ಟರು. ಗ್ಲುಕೋಮೀಟರ್ 54 ತೋರಿಸಿತು, ಸಕ್ಕರೆ ತೀರಾ ಇಳಿದಿತ್ತು.

ನಾಷ್ಟಾ ಇನ್ನೂ ಬಂದಿರಲಿಲ್ಲ. ಈ ಬಗೆಯ ಇನ್ಸುಲಿನ್ ಹಾಕಿದ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಅನ್ನ ಬೀಳಬೇಕು. ಪಾಳಿ ಒಪ್ಪಿಸುವಾಗ “ಐದನೇ ಬೆಡ್, ಇನ್ಸುಲಿನ್ ಆಯ್ತು” ಎಂಬ ಮಾತು ಬಂತು. “ನಾಷ್ಟಾ ಬಂದಿಲ್ಲ” ಎಂಬುದು ಬರಲಿಲ್ಲ. ಮುಗಿದ ಕೆಲಸ ಹೇಳುವುದು ಎಲ್ಲರಿಗೂ ರೂಢಿ. ಅರ್ಧಕ್ಕೆ ನಿಂತ ಕೆಲಸ ಹೇಳುವುದೇ ತಪ್ಪುತ್ತದೆ, ಅಪಾಯ ಹುಟ್ಟುವುದೂ ಅಲ್ಲೇ. ಪ್ರತಿ ಬೆಡ್ಡಿನ ಮುಂದೆ ನಿಂತು “ಇಲ್ಲಿ ಏನು ಬಾಕಿ?” ಎಂದು ಕೇಳಿಯೇ ಮುಂದೆ ಹೋದರೆ ಇಡೀ ವಾರ್ಡಿಗೆ ನಾಲ್ಕೈದು ನಿಮಿಷ ಹೆಚ್ಚು ಬೇಕಾಗುತ್ತದೆ, ಅಷ್ಟೇ.

ಸಕ್ಕರೆ 70ಕ್ಕಿಂತ ಕೆಳಗಿಳಿದು, ರೋಗಿ ಎಚ್ಚರವಿದ್ದು ನುಂಗಬಲ್ಲವರಾದರೆ, 3 ಚಹಾ ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕುಡಿಸಬೇಕು. 15 ನಿಮಿಷಕ್ಕೆ ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ ಕೊಡಬೇಕು, ಏರಿದ ಮೇಲೆ ಊಟ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಉಪ್ಪಿನ ಮಜ್ಜಿಗೆಯಿಂದ ಸಕ್ಕರೆ ಆ ವೇಗದಲ್ಲಿ ಏರುವುದಿಲ್ಲ. ಹಾಗಂತ ಲೋಟ ತಂದವರನ್ನು ಗದರಬಾರದು. “ಕಾಕಿ, ನೀವು ಲಗೂನ ನೋಡಿದ್ರಿ, ಛಲೋ ಆತು. ಈಗ ಮಜ್ಜಿಗಿ ಬ್ಯಾಡ, ಸಕ್ರಿ ನೀರು ಬೇಕು” ಅಂದರೆ ನಾಳೆ ಇನ್ನೊಬ್ಬರಿಗೆ ಹೀಗಾದಾಗಲೂ ಅವರೇ ಮೊದಲು ಕೂಗಿ ಹೇಳುತ್ತಾರೆ.

ಡಾಕ್ಟರಿಗೆ ಫೋನ್ ಹಚ್ಚುವ ಮೊದಲು ಕೇಸ್ ಶೀಟ್ ಕೈಯಲ್ಲಿರಬೇಕು. “ಸರ್, ಐದನೇ ಬೆಡ್ ಆಯಿಗೆ ಯಾಕೋ ಬೆವರ್ತಿದೆ” ಎಂದು ಶುರು ಮಾಡಿದರೆ ಅವರು ಹತ್ತು ಪ್ರಶ್ನೆ ಕೇಳಬೇಕಾಗುತ್ತದೆ. ರೋಗಿಯ ಸ್ಥಿತಿಯನ್ನು ಸಾಲಾಗಿ ಹೇಳುವ ಎಸ್‌ಬಿಎಆರ್ ಎಂಬ ಕ್ರಮ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು. ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು: ಇದೇ ಅದರ ಸಾಲು. ಅವತ್ತಿನ ಮಾತು ಹೀಗಿತ್ತು: “ಐದನೇ ಬೆಡ್, ಸಕ್ಕರೆ 54, ಬೆವರು, ನಡುಕ, ಎಚ್ಚರ ಇದ್ದಾರೆ. 7.30ಕ್ಕೆ 18 ಯೂನಿಟ್ ಹೋಗಿದೆ, ನಾಷ್ಟಾ ತಡವಾಗಿದೆ. ಅದರಿಂದಲೇ ಇಳಿದಿದೆ ಅನ್ನಿಸುತ್ತದೆ. ಸಕ್ಕರೆ ನೀರು ಕೊಟ್ಟಾಯಿತು, 15 ನಿಮಿಷಕ್ಕೆ ಮತ್ತೆ ನೋಡುತ್ತೇವೆ. ನಾಳೆ ಬೆಳಗಿನ ಡೋಸ್ ಬದಲಿಸಬೇಕೇ? ಇವತ್ತು ಬಿಡುಗಡೆ ಇದೆ, ನೀವು ಬಂದು ನೋಡಬೇಕು.” ಅರ್ಧ ನಿಮಿಷದ ಮಾತು. ಕೊನೆಯ ಭಾಗವನ್ನು ಕಿರಿಯ ಸಿಸ್ಟರ್‌ಗಳು ಅಂಜಿ ನುಂಗಿಬಿಡುತ್ತಾರೆ. ಕೇಳುವುದು ಉದ್ಧಟತನವಲ್ಲ, ಆ ಕರೆಯ ಉದ್ದೇಶವೇ ಅದು.

ಉತ್ತರ ಬಂದ ಮೇಲೆ ತಿರುಗಿ ಓದಿ ಹೇಳಬೇಕು. ಫೋನಿನಲ್ಲಿ ‘ಸಿಕ್ಸ್‌ಟೀನ್’ ಸುಲಭವಾಗಿ ‘ಸಿಕ್ಸ್‌ಟಿ’ ಆಗಿ ಕೇಳುತ್ತದೆ. “ಹದಿನಾರು, ಒಂದು–ಆರು” ಅಂದರೆ ಗೊಂದಲವಿಲ್ಲ. ಬರೆಯುವಾಗ ‘ಯೂನಿಟ್’ ಎಂದು ಪೂರ್ತಿ ಬರೆಯಬೇಕು. ಇಂಗ್ಲಿಷಿನ ಒಂದೇ ಅಕ್ಷರ ‘ಯು’ ಬರೆದರೆ ಅದು ಸೊನ್ನೆಯಂತೆ ಕಂಡು 10 ಇದ್ದದ್ದು 100 ಆಗುತ್ತದೆ. ಡಾಕ್ಟರ್ ಬಂದು ನೋಡಿ ಬೆಳಗಿನ ಡೋಸನ್ನು 16ಕ್ಕೆ ಇಳಿಸಿದರು, ಬಿಡುಗಡೆಯನ್ನು ಮರುದಿನಕ್ಕೆ ಹಾಕಿದರು.

10 ಗಂಟೆಗೆ ಮನೆಯವರು ಟಂಟಂ ಮಾಡಿಕೊಂಡು ಬಂದರು. ಏಳು ಜನ. “ನಿನ್ನಿ ಬಿಡ್ತೀವಿ ಅಂದ್ರಿ, ಈಗ ಇಲ್ಲ ಅಂತೀರಿ. ಬಿಲ್ ಹೆಚ್ಚು ಮಾಡ್ಲಕತ್ತೀರೇನು?” ಎಂದು ಮಗ ಜೋರು ಮಾಡಿದ. ಅವನ ಸಿಟ್ಟಿಗೆ ಕಾರಣವಿತ್ತು: ಗಾಡಿ ಬಾಡಿಗೆ, ಒಂದು ದಿನದ ಕೂಲಿ, ಮರುದಿನ ಪುಣೆಗೆ ದುಡಿಯಲು ಹೊರಟವನ ಬಸ್ಸಿನ ಟಿಕೆಟ್. ಇಂಥಲ್ಲಿ ಕಾರಿಡಾರಿನಲ್ಲಿ ನಿಂತು ಏಳು ಜನಕ್ಕೂ ಉತ್ತರ ಕೊಡಲು ಹೋಗುವುದು ದೊಡ್ಡ ತಪ್ಪು. ಒಬ್ಬರನ್ನೋ ಇಬ್ಬರನ್ನೋ ಒಳಗೆ ಕರೆದು ಕೂರಿಸಿ, ನಾವೂ ಕೂತು ಮಾತಾಡಬೇಕು. ಒಂದೊಂದು ಮಾತಿಗೂ ಎದುರು ಮಾತು ಕೊಡದೆ ಅವರದು ಮುಗಿಯಲು ಬಿಡಬೇಕು. ಆಮೇಲೆ ಮೊದಲ ವಾಕ್ಯದಲ್ಲೇ ನಿಜ: “ಅಣ್ಣಾ, ಮುಂಜಾನೆ ಆಯಿಗೆ ಸಕ್ರಿ ಬಾಳ ಇಳದಿತ್ತು. ಸೂಜಿ ಹಾಕಿದಮ್ಯಾಲೆ ನಾಷ್ಟಾ ತಡ ಆತು. ಅದು ನಮ್ಮ ಕಡಿಂದ ಆದ ತಪ್ಪು. ಈಗ 130ಕ್ಕ ಬಂದದ, ಆರಾಮ ಕುಂತಾರ.” ಇದನ್ನು ಮುಚ್ಚಿಟ್ಟರೆ ಪಕ್ಕದ ಬೆಡ್ಡಿನವರ ಬಾಯಿಂದ ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ, ಆಮೇಲೆ ನಾವು ಹೇಳಿದ ಯಾವ ಮಾತನ್ನೂ ಅವರು ನಂಬುವುದಿಲ್ಲ. “ನೋಡೋಣ” ಅನ್ನಬಾರದು; “ನಾಳೆ 10ಕ್ಕ ಡಾಕ್ಟರ್ ನೋಡ್ತಾರ, ಸಕ್ರಿ ಸರಿ ಇದ್ರ ಅವಾಗೇ ಕಾಗದ ಕೊಡ್ತೀವಿ” ಅನ್ನಬೇಕು. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಲ್ಲಿ ಬಂದ ಕರ್ನಾಟಕದ ಕಾಯ್ದೆಯನ್ನು ಇಂಥ ಹೊತ್ತಿನಲ್ಲಿ ತೋರಿಸುವವರಿದ್ದಾರೆ. ಕೈ ಎತ್ತಿದವರಿಗೆ ಅದು ಬೇಕು. ಹೆದರಿ ಕೂಗುವ ಮಗನಿಗೆ ತೋರಿಸಿದರೆ ಸಿಟ್ಟು ಇಮ್ಮಡಿಯಾಗುತ್ತದೆ.

ಆ ಹೆಚ್ಚಿನ ದಿನ ದಂಡವಾಗಲಿಲ್ಲ. “ಮನ್ಯಾಗ ಸೂಜಿ ಯಾರು ಹಾಕ್ತಾರ?” ಎಂದು ಕೇಳಿದಾಗ ತಿಳಿದದ್ದು, ಅಲ್ಲಿಯವರೆಗೆ ಎಲ್ಲ ವಿವರಣೆ ಕೇಳಿಕೊಂಡ ಮಗ ಅಲ್ಲ, ಪಿಯುಸಿ ಓದುವ ಮೊಮ್ಮಗಳು. ಮಧ್ಯಾಹ್ನ ಅವಳನ್ನು ಕೂರಿಸಿ ಕಲಿಸಿದ್ದಾಯಿತು. ಮೊದಲು ಸಿರಿಂಜು. ಸೀಸೆಯ ಮೇಲೆ 40 (ಒಂದು ಎಂಎಲ್‌ಗೆ 40 ಯೂನಿಟ್) ಇದ್ದರೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು. ಅಂಗಡಿಯವರು ಕಿತ್ತಳೆ ಮುಚ್ಚಳದ 100ರದ್ದು ಕೊಟ್ಟು, ಅದರಲ್ಲಿ 16ರ ಗೆರೆಗೆ ಎಳೆದರೆ ಒಳಗೆ ಹೋಗುವುದು 6 ಯೂನಿಟ್ಟಿನಷ್ಟು ಮಾತ್ರ. ಬೆಳ್ಳಗಿನ ಮಂದ ಇನ್ಸುಲಿನ್ನನ್ನು ಕುಲುಕಬಾರದು, ಅಂಗೈಗಳ ನಡುವೆ ಹತ್ತು ಸಲ ಹೊರಳಿಸಬೇಕು. ಹೊಕ್ಕಳಿಂದ ಎರಡು ಬೆರಳಿಗಿಂತ ಆಚೆ, ದಿನಾ ಒಂದೊಂದು ಬೆರಳು ಸರಿಸಿ ಹಾಕಬೇಕು; ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟಿ ಔಷಧಿಯನ್ನು ಮೈ ಒಂದು ದಿನ ಹೀರುತ್ತದೆ, ಒಂದು ದಿನ ಇಲ್ಲ. ಮನೆಯಲ್ಲಿ ಫ್ರಿಜ್ ಇಲ್ಲವೆಂದಳು. ಸೀಸೆಯನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ನೀರು ತಾಗದಂತೆ ಮಣ್ಣಿನ ಗಡಿಗೆಯ ತಂಪಿನಲ್ಲಿ ಇಡುವುದು ತೋರಿಸಿದ್ದಾಯಿತು.

“ತಿಳೀತೇನು?” ಎಂದು ಕೇಳಿದರೆ ನಮ್ಮ ಕಡೆ “ಹೂಂ ರಿ” ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ದೊಡ್ಡವರ ಮುಂದೆ ತಿಳಿಯಲಿಲ್ಲ ಅನ್ನಲು ಸಂಕೋಚ. “ನಾ ಸರಿ ಹೇಳೀನೋ ಇಲ್ಲೋ ನೋಡ್ಬೇಕು, ನೀ ಒಮ್ಮೆ ಮಾಡಿ ತೋರ್ಸವ್ವಾ” ಅಂದರೆ ಪರೀಕ್ಷೆ ನಮ್ಮದಾಗುತ್ತದೆ. ಒಂದು ಸಲಕ್ಕೆ ಎರಡು ಮೂರು ವಿಷಯಕ್ಕಿಂತ ಹೆಚ್ಚು ಹೇಳಬಾರದು. ಅವಳು ಮೂರನೇ ಸಲ ಸರಿಯಾಗಿ ಎಳೆದಳು.

ಆಯಿಗೆ ಬೇರೆ ಪ್ರಶ್ನೆ. “ಉಪವಾಸ ಮಾಡ್ತೀರೇನು?” ಎಂದರೆ ಬೈಯುತ್ತಾರೆಂದು ಇಲ್ಲ ಅನ್ನುತ್ತಾರೆ. “ಯಾವ ವಾರ ಒಪ್ಪತ್ತು ಇರ್ತೀರಿ ಆಯಿ?” ಎಂದರೆ “ಸ್ವಾಮಾರ” ಎಂದು ಥಟ್ಟನೆ ಬಂತು. ರೋಜಾ ಹಿಡಿಯುವವರಿಗೂ ಹೀಗೇ ಕೇಳಬೇಕು. ಒಪ್ಪತ್ತಿನ ದಿನದ ಡೋಸ್ ಡಾಕ್ಟರೇ ಬರೆದುಕೊಡಬೇಕಾದದ್ದು. ಇನ್ನೊಂದು ಮಾತು ಅವರಾಗೇ ಅಂದರು: “ಕಾಲಾಗ ಇರಿವಿ ಹರದಾಡಿದಂಗ ಆಗ್ತದ.” ಅಂಥ ಕಾಲಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ. ಮಧ್ಯಾಹ್ನದ ಶಹಾಬಾದ್ ಫರಸಿಯ ಮೇಲೆ ಬರಿಗಾಲಲ್ಲಿ ಅಂಗಳ ದಾಟಿ ಗುಳ್ಳೆ ಎಬ್ಬಿಸಿಕೊಂಡು ಬರುವವರು ಬೇಸಿಗೆಯಲ್ಲಿ ಕಡಿಮೆಯಿಲ್ಲ. ದಿನಾ ರಾತ್ರಿ ಅಂಗಾಲು ನೋಡುವ ಕೆಲಸವೂ ಮೊಮ್ಮಗಳಿಗೇ ಹೋಯಿತು.

2 ಗಂಟೆಗೆ ಪಾಳಿ ಒಪ್ಪಿಸುವಾಗ ಐದನೇ ಬೆಡ್ಡಿನ ಬಾಕಿ ಎರಡು: ರಾತ್ರಿಯ 10 ಯೂನಿಟ್ಟನ್ನು ಊಟದ ತಟ್ಟೆ ಬರುವುದು ಖಾತ್ರಿಯಾದ ಮೇಲೆ, ಮೊಮ್ಮಗಳ ಕೈಯಿಂದಲೇ, ಸಿಸ್ಟರ್ ಎದುರಿನಲ್ಲಿ ಹಾಕಿಸುವುದು. ಮತ್ತು ಮನೆಯವರ ಫೋನ್ ನಂಬರ್ ಪುಸ್ತಕದಲ್ಲಿ ಬರೆದು 15ನೇ ದಿನಕ್ಕೆ ಗುರುತು ಹಾಕುವುದು. 10 ಎಂಎಲ್ ಸೀಸೆಯಲ್ಲಿ 400 ಯೂನಿಟ್, ದಿನಕ್ಕೆ 26. ಸೀಸೆ ಆ ಹೊತ್ತಿಗೆ ಖಾಲಿಯಾಗುತ್ತ ಬಂದಿರಬೇಕು. ಫೋನಿನಲ್ಲಿ “ಸೂಜಿ ಸರಿ ಹಾಕ್ಲಕತ್ತೀರೇನು?” ಎಂದು ಕೇಳುವುದಲ್ಲ, “ಸೀಸ್ಯಾಗ ಎಷ್ಟು ಉಳದದ?” ಎಂದು ಕೇಳಬೇಕು. ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಮುಂದಿನ ಪ್ರಶ್ನೆ, ಸಿರಿಂಜಿನ ಮುಚ್ಚಳದ ಬಣ್ಣ ಯಾವುದು.