ಅಂಗಳಕ್ಕೆ ಎರಡು ಸಲ ಇಂಟರ್‌ಲಾಕ್ ಹಾಕಿಸಿದ ಕಥೆ

ನಮ್ಮ ಅಂಗಳಕ್ಕೆ ಎರಡು ಸಲ ನೆಲಕ್ಕೆ ಜೋಡಿಸುವ ಕಾಂಕ್ರೀಟ್ ಬ್ಲಾಕಿನ ಇಂಟರ್‌ಲಾಕ್ ಹಾಕಿಸಿದ್ದೇವೆ ಅಂದ್ರೆ ಎಲ್ಲರೂ ಮೊದಲು ಕೇಳುವುದು "ಎಂತ, ಡಿಸೈನ್ ಇಷ್ಟ ಆಗ್ಲಿಲ್ವಾ" ಅಂತ. ಡಿಸೈನ್ ಚಂದವೇ ಇತ್ತು ಮಾರಾಯ್ರೆ, ಕೆಂಪು ಹಳದಿ ಮಿಕ್ಸ್ ಮಾಡಿ ಗೇಟಿನಿಂದ ತುಳಸಿಕಟ್ಟೆ ತನಕ ಹಾವಿನ ಹಾಗೆ ಒಂದು ಗೆರೆ ಬೇರೆ ಎಳೆದಿದ್ರು. ಒಂದೇ ಮಳೆಗಾಲಕ್ಕೆ ಆ ಹಾವು ಮಣ್ಣಿನೊಳಗೆ ಹೋಯ್ತು.

ನಮ್ಮದು ಪುತ್ತೂರಿನಿಂದ ಸ್ವಲ್ಪ ಒಳಗೆ. ಗುಡ್ಡೆ ಕಡಿದು ಮಾಡಿದ ಜಾಗ, ಹಿಂದೆ ಬರೆ ಅಂದ್ರೆ ಗುಡ್ಡೆ ಕಡಿದ ನೆಟ್ಟಗಿನ ಮಣ್ಣಿನ ಗೋಡೆ, ಎದುರು ತಗ್ಗಿನಲ್ಲಿ ಅಡಿಕೆ ತೋಟ, ನಡುವೆ ಮನೆ. ಅಂಗಳ 1,800 ಚದರಡಿ ಹತ್ತಿರ ಉಂಟು, ಅದರಲ್ಲಿ ಅರ್ಧ ಕಡಿದ ಗಟ್ಟಿ ನೆಲ, ಇನ್ನರ್ಧ ಅದೇ ಮಣ್ಣು ತಂದು ತುಂಬಿಸಿದ್ದು, ತೋಟದ ಕಡೆಗೆ ಜಾರದ ಹಾಗೆ ಕೆಂಪುಕಲ್ಲಿನ ಒಂದು ಕಟ್ಟಣ. ಈ ಅರ್ಧ ಅರ್ಧದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರ್ತದೆ.

2022ರ ಏಪ್ರಿಲಿನಲ್ಲಿ ಮೊದಲ ಕಂಟ್ರಾಕ್ಟರ್ ಬೈಕಲ್ಲಿ ಬಂದ್ರು, ಹೆಜ್ಜೆ ಹಾಕಿ ಅಂಗಳ ಅಳೆದ್ರು, ಮೊಬೈಲಲ್ಲಿ ಲೆಕ್ಕ ಒತ್ತಿ ಚದರಡಿಗೆ 58 ರೂಪಾಯಿ ಎಲ್ಲ ಸೇರಿ ಅಂದ್ರು. ಒಟ್ಟು ಇಪ್ಪತ್ತು ನಿಮಿಷ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಯಾವ ಕಲರ್ ಮೇಡಂ?" ನಮ್ಮ ಯಜಮಾನ್ರು ಕುವೈತಿನಲ್ಲಿ, ವಿಡಿಯೋ ಕಾಲಲ್ಲಿ ಅವರದ್ದು ಒಂದೇ ಮಂತ್ರ, ಮಳೆ ಬರುವ ಮೊದಲು ಮುಗಿಸಿಬಿಡು ಅಂತ. ಮೇ ಕೊನೆಗೆ ಬರುವ ಪತ್ತನಾಜೆ ಒಳಗೆ ಮುಗಿಸಿಕೊಡ್ತೇನೆ ಅಂತ ಇವರೂ ಹೇಳಿದ್ರು, ಮಾತು ಉಳಿಸಿಕೊಂಡ್ರು ಕೂಡ, ಅದರಲ್ಲಿ ತಪ್ಪು ಹೇಳ್ಲಿಕ್ಕಿಲ್ಲ. ಜೆಸಿಬಿಯಲ್ಲಿ ಮೇಲಿಂದ ಮೇಲೆ ಗೀಚಿದ್ರು, ಕಲ್ಲಿನ ಕ್ರಶರ್ ಪುಡಿ ಸುರಿದ್ರು, ನಾಲ್ಕು ದಿನದಲ್ಲಿ ಬ್ಲಾಕ್ ಜೋಡಿಸಿ ಸಂದಿಗೆಲ್ಲ ಸಿಮೆಂಟ್ ನೀರು ಗುಡಿಸಿ ಹಣ ತೆಕ್ಕೊಂಡು ಹೋದ್ರು. ನಾನು ಆ ದಿನ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೆ!

ಜೂನ್ ಎರಡನೇ ವಾರ ಒಂದು ಸಂಜೆ ಸರಿಯಾಗಿ ಹೊಡೆಯಿತು. ಅತ್ತೆ ಸಿಟೌಟಿನಲ್ಲಿ ಕೂತು ಅಡಿಕೆ ಸುಲಿಯುತ್ತಾ ಇದ್ದವರು ತಲೆ ಎತ್ತಿ "ಇದೆಂತ, ನೀರು ನಮ್ಮನ್ನೇ ನೋಡಿಕೊಂಡು ಬರ್ತಾ ಉಂಟಲ್ಲ" ಅಂದ್ರು. ಹೌದು. ಇಡೀ ಅಂಗಳದ ನೀರು ಮೆಟ್ಟಿಲ ಹತ್ತಿರ ಬಂದು ನಿಂತಿತ್ತು. ಜುಲೈ ಬರುವಾಗ ತುಂಬಿಸಿದ ಅರ್ಧ ಅಂಗಳ ಕೂತುಬಿಟ್ಟಿತು, ಕಾರಿನ ಚಕ್ರ ಹೋಗುವಲ್ಲಿ ಎರಡು ಉದ್ದ ತೋಡು ಆಯ್ತು, ಅಂಚಿನ ಬ್ಲಾಕ್‌ಗಳು ಒಂದೊಂದೇ ತೋಟದ ಕಡೆಗೆ ಹೊರಟವು, ಕಟ್ಟಣ ಬಸುರಿ ಹೊಟ್ಟೆಯ ಹಾಗೆ ಮುಂದೆ ಬಂತು. ಫೋನ್ ಮಾಡಿದ್ರೆ "ಮಳೆ ನಿಲ್ಲಲಿ ಮೇಡಂ" ಅಂದ್ರು, ಮಳೆ ನಿಂತ ಮೇಲೆ ಫೋನೇ ಎತ್ತಲಿಲ್ಲ.

ಒಂದು ದಿನ ಸಿಟ್ಟಿನಲ್ಲಿ ಕತ್ತಿಯ ತುದಿ ಹಾಕಿ ಒಂದು ಬ್ಲಾಕ್ ಎಬ್ಬಿಸಿ ನೋಡಿದೆ. ಅಡಿಯಲ್ಲಿ ಆ ಕ್ರಶರ್ ಪುಡಿ ನೀರುದೋಸೆ ಹಿಟ್ಟಿನ ಹಾಗೆ ಆಗಿತ್ತು, ಬೆರಳು ಇಟ್ಟರೆ ಒಳಗೆ ಹೋಗ್ತದೆ. ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲ್ ತಂದು ಬ್ಲಾಕಿನ ದಪ್ಪ ನೋಡಿದ್ರೆ 50 ಮಿ.ಮೀ., ನಮಗೆ ಹೇಳಿದ್ದು 60. ಪೇವರ್ ಬ್ಲಾಕಿಗೆ ಐಎಸ್ 15658 ಅಂತ ಒಂದು ಸ್ಟ್ಯಾಂಡರ್ಡ್ ಉಂಟು ಅಂತ ನನಗೆ ಆಮೇಲೆ ಗೊತ್ತಾದದ್ದು. ಅದರ ಪ್ರಕಾರ 50 ಮಿ.ಮೀ. ಜನ ನಡೆಯುವ ಜಾಗಕ್ಕೆ, ಮನೆಯ ಕಾರು ಹೋಗುವಲ್ಲಿ 60, ಲೋಡ್ ಗಾಡಿ ಬರುವಲ್ಲಿ 80. ನಮ್ಮಲ್ಲಿಗೆ ವರ್ಷಕ್ಕೆ ನಾಲ್ಕೈದು ಸಲ ಗೊಬ್ಬರದ ಪಿಕಪ್ ಬರ್ತದೆ, ಕೇಳಿದವರು ಯಾರು?

ಒಂದು ಲೆಕ್ಕ ಹೇಳ್ತೇನೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿ.ಮೀ. ಮಳೆ, ಬೆಂಗಳೂರಿನ ನಾಲ್ಕು ಪಟ್ಟು, ಅದೂ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೆ. ಜುಲೈಯಲ್ಲಿ ಒಂದೇ ದಿನ 100 ಮಿ.ಮೀ. ಬೀಳುವುದು ನಮಗೆ ಸುದ್ದಿಯೇ ಅಲ್ಲ. ಆ ದಿನ ಸಾವಿರ ಚದರಡಿ ಜಾಗಕ್ಕೆ ಬೀಳುವ ನೀರು 9,000 ಲೀಟರಿಗಿಂತ ಜಾಸ್ತಿ, ಅಂದ್ರೆ ಟೆರೇಸಿನ ಮೇಲೆ ಇಡುವ ಸಾವಿರ ಲೀಟರಿನ ಕರಿ ಟ್ಯಾಂಕಿ ಒಂಬತ್ತು. ನಮ್ಮ ಅಂಗಳ, ಮನೆಯ ಮಾಡು (ಛಾವಣಿ), ಮೇಲಿಂದ ಗುಡ್ಡೆಯ ನೀರು ಎಲ್ಲ ಸೇರಿದ್ರೆ ನೀವೇ ಹಾಕಿ ನೋಡಿ. ಇಷ್ಟು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗ್ತದೆ ಅಂತ ಕೇಳದವರಿಗೆ ಕಲರ್ ಕೇಳುವ ಹಕ್ಕಿಲ್ಲ ಅಂತ ನನ್ನ ಅಭಿಪ್ರಾಯ.

ಎರಡನೇ ಸಲ ನಾನು ರೇಟ್ ಕೇಳ್ಲಿಕ್ಕೆ ಹೋಗ್ಲಿಲ್ಲ, ಮಳೆಗಾಲದಲ್ಲಿ ಪೂಜೆಗೆ, ಸತ್ತವರ ಬೊಜ್ಜಕ್ಕೆ ಅಂತ ಹೋದ ಮನೆಗಳ ಅಂಗಳ ನೋಡ್ಲಿಕ್ಕೆ ಶುರು ಮಾಡಿದೆ. ಊಟ ಬಿಟ್ಟು ನೆಲ ನೋಡ್ತಾಳೆ ಅಂತ ಅತ್ತಿಗೆ ತಮಾಷೆ ಮಾಡಿದ್ದೂ ಉಂಟು. ಹೊಸ ಅಂಗಳ ನೋಡಿ ಪ್ರಯೋಜನ ಇಲ್ಲ ಆಯ್ತಾ, ಮೂರು ನಾಲ್ಕು ಮಳೆಗಾಲ ಕಂಡದ್ದನ್ನು ನೋಡ್ಬೇಕು. ಹಾಗೆ ಒಂದು ಕಡೆ ಏಳು ವರ್ಷದ ಅಂಗಳ, ಒಂದೂ ಬ್ಲಾಕ್ ಅಲುಗಾಡಿರಲಿಲ್ಲ, ಅವರ ಹತ್ರ ಮೇಸ್ತ್ರಿಯ ನಂಬರ್ ತೆಕ್ಕೊಂಡೆ.

2023ರ ಜನವರಿಯಲ್ಲಿ ಫೋನ್ ಮಾಡಿದ್ರೆ ಆ ಮೇಸ್ತ್ರಿ "ಈಗ ಬಂದ್ರೆ ಎಂತ ಕಾಣ್ತದೆ ಅಕ್ಕಾ, ಜೋರು ಮಳೆ ಬರುವಾಗ ಫೋನ್ ಮಾಡಿ" ಅಂದ್ರು. ನನಗೆ ಸಿಟ್ಟು ಬಂದಿತ್ತು, ದೊಡ್ಡ ಜನ ಇವರು ಅಂತ. ಜುಲೈಯಲ್ಲಿ ಮಾಡಿದೆ. ಪ್ಯಾಂಟ್ ಮೊಣಕಾಲ ತನಕ ಮಡಚಿ ಕೊಡೆ ಹಿಡ್ಕೊಂಡು ಬಂದವರು ಒಂದೂವರೆ ಗಂಟೆ ಮಳೆಯಲ್ಲೇ ಸುತ್ತಿದ್ರು. ಮಾಡಿನ ನೀರು ಎಲ್ಲೆಲ್ಲಿ ಬೀಳ್ತದೆ, ಬಾವಿ ಎಲ್ಲಿ, ಕಕ್ಕಸು ಗುಂಡಿ ಎಲ್ಲಿ, ಪಕ್ಕದವರ ಚರಂಡಿ ನಿಮ್ಮ ಕಡೆ ತಿರುಗಿದೆಯಾ, ಚಾಲಿ ಅಡಿಕೆ ಇಲ್ಲೇ ಒಣಗಿಸುವುದಾ, ಲಾರಿ ಬರ್ಲಿಕ್ಕುಂಟಾ. ನನಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಅತ್ತೆಗೆ ಎಲ್ಲ ಗೊತ್ತಿತ್ತು. "ಆ ಹಲಸಿನ ಮರದ ಬುಡದಲ್ಲಿ ಆಟಿ ತಿಂಗಳಲ್ಲಿ ಒರತೆ ಏಳ್ತದೆ, ಅದು ಮಣ್ಣಿನ ಒಳಗಿಂದಲೇ ಬಂದು ಕಟ್ಟಣದ ಹಿಂದೆ ನಿಲ್ಲುವುದು" ಅಂತ ಸಿಟೌಟಿನಿಂದಲೇ ಕೈ ತೋರಿಸಿ ಹೇಳಿದ್ರು. ಮನೆ ಕಟ್ಟುವಾಗ ಇಂಜಿನಿಯರ್ ಕೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ಮೇಸ್ತ್ರಿ ಕಿಸೆಯಿಂದ ಯಾರದ್ದೋ ಮದುವೆ ಕಾಗದ ತೆಗೆದು ಅದರ ಹಿಂದೆ ಬರೆದುಕೊಂಡ್ರು.

ಆಮೇಲೆ ಬರೆಯ ಹತ್ರ ಹೋಗಿ ಕೊಡೆಯ ತುದಿಯಿಂದ ಕುಟ್ಟಿದ್ರು. ಮೇಲೆ ಕೆಂಪುಕಲ್ಲು, ಟಣ್ ಅಂತ. ಎರಡಾಳು ಕೆಳಗೆ ಬಿಳಿ, ಸ್ವಲ್ಪ ಗುಲಾಬಿ ಬಣ್ಣದ ಮಣ್ಣು, ಕೊಡೆ ಬೆಣ್ಣೆಗೆ ಹೋದ ಹಾಗೆ ಹೋಯ್ತು. "ಶೇಡಿ" ಅಂದ್ರು. ನಮ್ಮ ಕರಾವಳಿಯ ಗುಡ್ಡೆಗಳದ್ದು ಇದೇ ಜಾತಕ, ಮೇಲೆ ಮುರಕಲ್ಲಿನ, ಅಂದ್ರೆ ಕೆಂಪುಕಲ್ಲಿನ, ಗಟ್ಟಿ ತೊಪ್ಪಿ, ಅಡಿಯಲ್ಲಿ ಶೇಡಿ ಮಣ್ಣು. ಒಣಗಿದಾಗ ಪಿಕಾಸಿ ಹಾಕಿದ್ರೂ ಏಳುದಿಲ್ಲ, ನೀರು ಕುಡಿದ್ರೆ ಶಕ್ತಿಯೇ ಇಲ್ಲ. ನಮ್ಮ ಅಂಗಳಕ್ಕೆ ತುಂಬಿಸಿದ್ದೂ ಅದೇ ಶೇಡಿ, ಬೇಸಿಗೆಯಲ್ಲಿ ನೋಡಿದವರಿಗೆ ಅದು ಕಲ್ಲಿನ ಹಾಗೇ ಕಂಡಿರ್ತದೆ.

ಕೊಟೇಶನ್ ಬಂತು, ಚದರಡಿಗೆ 104, ಕಟ್ಟಣದ್ದು ಬೇರೆ. ಕುವೈತಿನಿಂದ ಹತ್ತು ನಿಮಿಷ ಮೌನ. ಮತ್ತೆ ಎರಡು ಕಡೆಯಿಂದ ತರಿಸಿದೆ, 70, 76 ಅಂತ ಇತ್ತು, ಆದ್ರೆ ಅವೆರಡರಲ್ಲೂ ಬರೆದದ್ದು ಒಂದೇ ಲೈನ್, "ಇಂಟರ್‌ಲಾಕ್ ವರ್ಕ್ ಕಂಪ್ಲೀಟ್". ಮೇಸ್ತ್ರಿಯದ್ದು ಕೈಬರಹದ ಎರಡು ಪುಟ. ಹಳೆ ಬ್ಲಾಕ್ ತೆಗೆದು ಹಾಕುವವರು ಯಾರು ಅನ್ನುವುದರಿಂದ ಹಿಡಿದು, ತುಂಬಿಸಿದ ಮಣ್ಣು ತೆಗೆದು ಆರಾರು ಇಂಚಿನ ಪದರ ಮಾಡಿ ಒತ್ತುವುದು, ಅದರ ಮೇಲೆ ಆರು ಇಂಚು ಜಲ್ಲಿ, ಮೇಲೆ ಒಂದೂವರೆ ಇಂಚು ಎಂ ಸ್ಯಾಂಡ್ ಅಂದ್ರೆ ಕಲ್ಲು ಪುಡಿ ಮಾಡಿದ ಮರಳು, ಗಾಡಿ ದಾರಿಗೆ 80 ಮಿ.ಮೀ. ಬ್ಲಾಕ್, ಉಳಿದಲ್ಲಿ 60, ಸುತ್ತ ಕಾಂಕ್ರೀಟ್ ಅಂಚು, ಹತ್ತು ಅಡಿಗೆ ಎರಡು ಇಂಚು ಇಳಿಜಾರು, ಅದೂ ಮನೆಯಿಂದ ಹೊರಗೆ. ಇಳಿಜಾರು ಅಂದ ಕೂಡ್ಲೆ ಅತ್ತೆಗೆ ತಲೆಬಿಸಿ, ಅಡಿಕೆ ಎಲ್ಲ ಉರುಳಿ ತೋಟಕ್ಕೆ ವಾಪಸ್ ಹೋಗ್ತದೆ ಅಂತ. ಹೋಗ್ಲಿಲ್ಲ ಬಿಡಿ. ಮತ್ತೆ ನಮ್ಮ ಬೇಡಿಕೆ ಒಂದು ಸೇರಿಸಿದೆವು, ಒಟ್ಟು ಹಣದ ಹತ್ತು ಪರ್ಸೆಂಟ್ ಒಂದು ಮಳೆಗಾಲ ಕಳೆದ ಮೇಲೆ. ಒಪ್ಪುದಿಲ್ಲ ಅಂತ ಎಣಿಸಿದ್ದೆ, "ಆಗಬಹುದು, ಸೋಣದಲ್ಲಿ ಬರ್ತೇನೆ" ಅಂದ್ರು. ಸೋಣ ಅಂದ್ರೆ ಆಟಿ ಕಳೆದು ಬರುವ ತುಳು ತಿಂಗಳು, ಆಗಸ್ಟ್ ಸೆಪ್ಟೆಂಬರ್ ಹೊತ್ತು.

ನನಗೆ ಇವರ ಮೇಲೆ ನಂಬಿಕೆ ಬಂದದ್ದು ಅದಕ್ಕಲ್ಲ. 1,800 ಚದರಡಿಗೂ ಹಾಕಿ ಅಂದಾಗ ಅವರೇ 400 ಕಡಿಮೆ ಮಾಡಿದ್ರು. ಬಾವಿಯ ಸುತ್ತ ಬೇಡ, ಹಲಸಿನ ಬುಡಕ್ಕೆ ಬೇಡ, ಗೋಡೆಯಿಂದ ಎರಡು ಅಡಿ ಮಾಡಿನ ನೀರು ಬೀಳುವಲ್ಲಿ ಬರೀ ಜಲ್ಲಿ ಹಾಕುವ, ಕೆಸರು ಗೋಡೆಗೆ ಹಾರುದಿಲ್ಲ, ನೀರೂ ಇಂಗ್ತದೆ ಅಂತ. ತನ್ನ ಬಿಲ್ಲನ್ನು ತಾನೇ ಕಡಿಮೆ ಮಾಡಿದ ಕಂಟ್ರಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು. ಮೆಟ್ಟಿಲಿನ ಎದುರು ಕಡಪ ಕಲ್ಲು ಬೇಕು ಅಂತ ನನಗೆ ಆಸೆ ಇತ್ತು, ಅದಕ್ಕೂ ತಲೆ ಆಡಿಸಿದ್ರು, ಏಪ್ರಿಲಿನಲ್ಲಿ ಕಾಲು ಸುಡ್ತದೆ, ಜುಲೈಯಲ್ಲಿ ಸೊಂಟ ಮುರಿತದೆ. ಅಲ್ಲಿ ಪಾಲಿಶ್ ಮಾಡದ ಒರಟು ಪಾದೆಕಲ್ಲು, ಅಂದ್ರೆ ಬಂಡೆಕಲ್ಲು, ಹಾಕಿಸಿದೆವು. ಬಂಡೆಯಲ್ಲೇ ಕಡೆದ ಕಾರ್ಕಳದ ಗೊಮ್ಮಟ 1432ರಿಂದ ಇದೇ ಮಳೆಯಲ್ಲಿ ನಿಂತಿದ್ದಾನೆ, ನಮ್ಮ ಮೆಟ್ಟಿಲು ಅಷ್ಟು ಬಾಳದಿದ್ರೂ ಅಡ್ಡಿಯಿಲ್ಲ.

ಕೆಲಸ ಶುರು ಆದದ್ದು 2023ರ ಡಿಸೆಂಬರಿನಲ್ಲಿ. ಮೇಯಲ್ಲಿ ಯಾಕೆ ಮಾಡ್ಬಾರದು ಅಂತ ಆಗ ಅರ್ಥ ಆಯ್ತು. ಅಂಚಿನ ಕಾಂಕ್ರೀಟಿಗೆ, ಚರಂಡಿಗೆ ದಿನಾ ನೀರು ಹಾಕ್ಬೇಕು, ಅಂಗಡಿಯಲ್ಲಿ ಸಿಗುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ ಕಡಿಮೆ ಅಂದ್ರೂ ಹತ್ತು ದಿನ, ಬಿಸಿಲು ಜೋರಿದ್ದರೆ ಹದಿನಾಲ್ಕು. ಏಪ್ರಿಲ್ ಮೇಯಲ್ಲಿ ನಮ್ಮ ಬಾವಿಯಲ್ಲಿ ಕುಡಿಯುವ ನೀರೇ ಕಷ್ಟ, ಕಾಂಕ್ರೀಟಿಗೆ ಎಲ್ಲಿಂದ ತರುದು? ಡಿಸೆಂಬರಿನಲ್ಲಿ ಬಾವಿಯಲ್ಲಿ ನೀರೂ ಉಂಟು, ಮರಳೂ ಒಣಗಿರ್ತದೆ. ಮರಳು ಒಣಗಿರ್ಲೇಬೇಕು, ಯಾಕೆಂದ್ರೆ ಬ್ಲಾಕಿನ ಸಂದಿಗೆ ಹೋಗುವುದು ಬರೀ ಒಣ ಮರಳು, ಸಿಮೆಂಟ್ ನೀರು ಅಲ್ಲ. ಚಂಡಿ ಮರಳು ಒಳಗೆ ಇಳಿಯುದಿಲ್ಲ. ನೆಲ ಕುಟ್ಟಿ ಒತ್ತುವ ಪ್ಲೇಟ್ ಕಂಪಾಕ್ಟರ್ ಓಡಿಸುವಾಗ ಅಡಿಗೆಕೋಣೆಯ ಸ್ಟ್ಯಾಂಡಿನ ಲೋಟಗಳೆಲ್ಲ ಕುಣಿಯುತ್ತಿದ್ದವು, ಮರಳು ಸುರಿದು ಗುಡಿಸಿ, ಮೆಷಿನ್ ಓಡಿಸಿ, ಮತ್ತೆ ಸುರಿದು ಗುಡಿಸಿ, ಮೂರು ಸಲ. ಮೊದಲ ಸಲ ನಮ್ಮ ಅಂಗಳಕ್ಕೆ ಈ ಮೆಷಿನ್ ಬಂದೇ ಇರಲಿಲ್ಲ ಅಂತ ಅತ್ತೆಗೆ ಆವಾಗ ನೆನಪಾದದ್ದು.

ಕಟ್ಟಣವನ್ನು ಹೊಟ್ಟೆ ಬಂದಲ್ಲಿಂದ ಬಿಚ್ಚಿ ಕಟ್ಟಿದ್ರು. ಹಿಂದೆ ಒಂದಡಿ ಅಗಲಕ್ಕೆ ಜಲ್ಲಿ, ಐದೈದು ಅಡಿಗೊಂದು ಮೂರು ಇಂಚಿನ ಪಿವಿಸಿ ಪೈಪ್ ಎರಡು ಸಾಲು, ಒಟ್ಟು ಹದಿನಾಲ್ಕು. ಹಿಂದೆ ನಿಂತ ನೀರು ಗೋಡೆಯನ್ನು ದೂಡುವುದು, ಮಣ್ಣಿಗಿಂತ ನೀರಿನದ್ದೇ ಉಪದ್ರ ಜಾಸ್ತಿ. ಕೆಲಸ ನಿಧಾನ, ಹನ್ನೊಂದು ದಿನ ಅಂದದ್ದು ಇಪ್ಪತ್ತಾರು ದಿನ ಆಯ್ತು, ನಡುವೆ ಕೆಲಸದವರು ಕಂಬಳ ನೋಡ್ಲಿಕ್ಕೆ ಅಂತ ಎರಡು ದಿನ ನಾಪತ್ತೆ.

2024ರ ಜುಲೈ 16ಕ್ಕೆ ಅಂಕೋಲಾದ ಹತ್ರ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಿದ್ದ ಸುದ್ದಿ ಬಂತಲ್ಲ, ಆ ವಾರ ನನಗೆ ನಿದ್ದೆ ಇಲ್ಲ. ಬೆಳಿಗ್ಗೆ ಎದ್ದ ಕೂಡ್ಲೆ ಕೊಡೆ ಹಿಡಿದು ತೋಟಕ್ಕೆ ಇಳಿದು ಪೈಪ್ ಎಣಿಸುವುದು. ಹನ್ನೆರಡರಲ್ಲಿ ನೀರು ಬರ್ತಾ ಇತ್ತು, ಎರಡು ಒಣ. ಫೋನ್ ಮಾಡಿದ್ರೆ ಸಂಜೆಯೇ ಬಂದು ಸರಳು ಹಾಕಿ ಕುತ್ತಿದ್ರು, ಒಂದರಲ್ಲಿ ಕೆಸರು ಕಟ್ಟಿತ್ತು, ಫಕ್ಕನೆ ಕೆಂಪು ನೀರು ಹಾರಿ ಅವರ ಅಂಗಿಗೇ ಬಿತ್ತು. ಇನ್ನೊಂದು ಯಾವತ್ತೂ ಒಣವೇ, ಅಲ್ಲಿ ಒರತೆ ಇಲ್ಲ ಅಷ್ಟೆ.

ಎಲ್ಲ ಸರಿ ಆಯ್ತು ಅಂತ ಅಲ್ಲ. ಚರಂಡಿಯ ಜಾಲರಿ ಕಣ್ಣು ಸಣ್ಣದಾಯ್ತು, ಹಲಸಿನ ಎಲೆ ಎರಡು ಬಿದ್ರೆ ಸಾಕು ಕಟ್ಟಿಕೊಳ್ತದೆ, ಮಳೆಗಾಲದಲ್ಲಿ ದಿನಾ ನಾನೇ ಬಾಚಬೇಕು. ಅತ್ತಿಗೆಯ ಮಗ ಪಾಚಿ ತೆಗಿತೇನೆ ಅಂತ ಪ್ರೆಶರ್ ವಾಷರ್ ತಂದು ಸಂದಿಯ ಮರಳನ್ನೆಲ್ಲ ಹಾರಿಸಿಬಿಟ್ಟ, ಮತ್ತೆ ಮೂರು ಬುಟ್ಟಿ ಮರಳು ಗುಡಿಸಿದ್ದಾಯ್ತು. ಪಾಚಿಗೆ ಯಾವ ಕಂಟ್ರಾಕ್ಟರ್ ಹತ್ರವೂ ಮದ್ದಿಲ್ಲ, ಬ್ಲೀಚಿಂಗ್ ಪೌಡರ್ ಹಾಕಿ ಹಿಡಿಸೂಡಿಯಲ್ಲಿ ಉಜ್ಜಿದ್ರೆ ಹದಿನೈದು ದಿನ ತಡೀತದೆ.

ಸೋಣದಲ್ಲಿ ಮೇಸ್ತ್ರಿ ಬಂದ್ರು. ಕಟ್ಟಣ ನೋಡುವ ಮೊದಲೇ ಅತ್ತೆ ಹತ್ರ "ಒರತೆ ಎದ್ದಿತಾ ಅಮ್ಮ?" ಅಂತ ಕೇಳಿದ್ರು. "ಎದ್ದಿದೆ, ನಿಮ್ಮ ಪೈಪಲ್ಲೇ ಹೋಗ್ತಾ ಉಂಟು. ಆದ್ರೆ ಜಾರ್ತದೆ ಮಾರಾಯ, ನಾನು ಅಡಿಕೆ ಸಲಾಕೆ ಹಾಕಿಸಿದ್ದೇನೆ." ನೋಡಿದ್ರೆ ಹೌದು, ಲಕ್ಷಗಟ್ಟಲೆ ಸುರಿದ ಅಂಗಳದ ಮೇಲೆ ಗೇಟಿನಿಂದ ಮೆಟ್ಟಿಲ ತನಕ ಸೀಳಿದ ಅಡಿಕೆ ಮರದ ಸಲಾಕೆಗಳ ಸಾಲು, ಹಿಂದೆ ಮಣ್ಣಿನ ಅಂಗಳ ಇದ್ದಾಗ ಹಾಕ್ತಿದ್ದ ಹಾಗೆಯೇ. ಮೇಸ್ತ್ರಿ ಎಂತದೂ ಹೇಳ್ಲಿಲ್ಲ. ಬಾಕಿ ಹಣ ಎಣಿಸಿ ಕೊಟ್ಟೆ, ಚಾ ಕುಡಿದ್ರು, ಹೋಗುವಾಗ ಅವರೂ ಸಲಾಕೆ ಮೇಲೆಯೇ ಕಾಲಿಟ್ಟುಕೊಂಡು ಹೋದ್ರು.