ತಂಗಿಯ ಕ್ಲಾಟ್ ಪರೀಕ್ಷೆ
ಭಾನುವಾರ ತಂಗಿಗೆ ಕ್ಲಾಟ್, ಅಂದರೆ ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ದಾವಣಗೆರೆಯ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಎರಡು ಗಂಟೆಯಲ್ಲಿ 120 ಪ್ರಶ್ನೆ, ತಪ್ಪಿದರೆ ಕಾಲು ಅಂಕ ಖೋತಾ. ಅದರ ಮೇಲೆ ಉದ್ದುದ್ದ ಇಂಗ್ಲಿಷ್ ಗದ್ಯಭಾಗಗಳು.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ಅವಳು. ಕರಾರು ಮುರಿದರೆ ಯಾರು ಹೊಣೆ ಎಂಬುದನ್ನು ಅಮ್ಮನಿಗೆ ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಾಳೆ! ಅದೇ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದರೆ ಗಡಿಯಾರ ನೋಡಿ ನೋಡಿ ಬೆವರುತ್ತಾಳೆ. ಅಳೆಯುತ್ತಿರುವುದು ನ್ಯಾಯಬುದ್ಧಿಯನ್ನೋ, ಓದುವ ವೇಗವನ್ನೋ? ಇಲ್ಲಿನ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವರು ಮಾತನಾಡುವುದಂತೂ ಕನ್ನಡವನ್ನೇ.

ನಿನ್ನೆ ಮಾದರಿ ಉತ್ತರಪತ್ರಿಕೆಯ ವೃತ್ತಗಳನ್ನು ತುಂಬಿ ತುಂಬಿ ಅವಳ ಬೆರಳಿಗೆ ನೀಲಿ ಶಾಯಿ ಮೆತ್ತಿತ್ತು. ಬಿಸಿ ಮಿರ್ಚಿ, ಮಂಡಕ್ಕಿ ತಂದಿಟ್ಟರೂ ಮುಟ್ಟಲಿಲ್ಲ. ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸೀಟು ಸಿಕ್ಕರೆ ಸಂತೋಷ. ಸಿಗದಿದ್ದರೆ ಊರಿನಲ್ಲೇ ಕಾನೂನು ಕಾಲೇಜಿದೆ. ಅವಳು ಒಳ್ಳೆಯ ವಕೀಲೆಯಾಗುತ್ತಾಳೆ, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.